ನಾಳೆಗೆಂದು ಎತ್ತಿಟ್ಟ ಮಾತು

ಮಕ್ಕಳೇ,

2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ‘ಸುವರ್ಣ ತ್ರಿಭುಜ’ ಬೋಟು ಆಳಸಮುದ್ರದ ಮೀನುಗಾರಿಕೆಗೆ ಹೊರಟಿತ್ತು. ಏಳು ಮಂದಿ ಇದ್ದರು. 15ರ ನಂತರ ಅವರ ಸುದ್ದಿಯೇ ಇಲ್ಲ. ಕೋಸ್ಟ್‌ಗಾರ್ಡ್‌ನವರು, ನೌಕಾಪಡೆಯವರು ಹುಡುಕಿದರು. ಮರುವರ್ಷ ಜನವರಿಯಲ್ಲಿ ಮೀನುಗಾರರು ದೊಡ್ಡ ಸಂಖ್ಯೆಯಲ್ಲಿ ಹೆದ್ದಾರಿಗೆ ಬಂದು, ನಮ್ಮವರನ್ನು ಹುಡುಕಿಕೊಡಿ ಎಂದು ಕೇಳಿದರು. ಅದೇ ವರ್ಷದ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಕಡೆಯ ಕಡಲಿನ ತಳದಲ್ಲಿ ಬೋಟಿನ ಅವಶೇಷ ಪತ್ತೆಯಾಯಿತು. ಹೋದವರು ಮರಳಲಿಲ್ಲ.

ಬೋಟಿಗೆ ಹೋಗುವವರ ಮನೆಯ ಮಾತು ಹೇಗಿರುತ್ತದೆಂದು ಈ ಕರಾವಳಿಯಲ್ಲಿ ಹುಟ್ಟಿದ ನಿಮಗೆ ಹೇಳಬೇಕಾಗಿಲ್ಲ. ಮಂಜುಗಡ್ಡೆ ತುಂಬಿಸಿ ಆಯಿತೇ, ಡೀಸೆಲ್ ಸಾಕೇ, ಮಗಳ ಫೀಸು ಯಾವಾಗ ಕಟ್ಟುವುದು, ಬರುವುದು ಯಾವ ದಿನ. ಇದು ಕೊನೆಯ ಮಾತಾಗಬಹುದೆಂದು ತಿಳಿದು ಯಾರೂ ಮಾತಾಡುವುದಿಲ್ಲ. ಹಾಗೆ ಮಾತಾಡಿದರೆ ಬದುಕು ಸಾಗುವುದೂ ಇಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆ ಏಳು ಮಂದಿಯ ನೆನಪನ್ನು ಹಿಡಿದು ಯಾರನ್ನಾದರೂ ಹೆದರಿಸುವ ಹಕ್ಕು ನಮಗಿಲ್ಲ. ಅವರ ಮನೆಯವರ ದುಃಖ ನಮ್ಮ ಪ್ರಸಂಗಕ್ಕೆ ಸಾಮಗ್ರಿ ಆಗಬಾರದು. ‘ನೋಡಿದಿರಾ, ಸಾವು ಹೇಗೆ ಬರುತ್ತದೆ, ಈಗಲೇ ನಂಬಿಬಿಡಿ’ ಎಂದು ಮೈಕಿನಲ್ಲಿ ಕೂಗುವವರನ್ನು ನಾನು ಕೇಳಿದ್ದೇನೆ. ಅಂಥ ಕೂಗಿನಲ್ಲಿ ಯೇಸುಸ್ವಾಮಿಯ ದನಿ ನನಗೆ ಎಂದೂ ಕೇಳಿಸಿಲ್ಲ. ಸಾವಿನ ಅನಿಶ್ಚಯದಿಂದ ನಾನು ಪಾಠ ಕಲಿಯಬೇಕಾದದ್ದು ನನಗಾಗಿ, ನಿಮಗಾಗಿ: ನಂಬಿಕೆಯ ವಿಷಯವನ್ನು ಬಾಯಿಬಿಟ್ಟು ಹೇಳದೆ ಮುಂದೂಡುತ್ತಾ ಬಂದಿರುವ ನಮ್ಮಂಥವರಿಗಾಗಿ. ಅವಸರ ಹೇಳುವವನದು. ಕೇಳುವವನ ಮೇಲೆ ಅದನ್ನು ಹೇರಬಾರದು. ಇವತ್ತು ನಿಮ್ಮಲ್ಲಿ ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕೆಂಜಾರಿನ ಕಂದಕಕ್ಕೆ ಬಿತ್ತು. 166 ಜನರಲ್ಲಿ ಉಳಿದವರು 8. ನಮ್ಮ ಎರಡೂ ಜಿಲ್ಲೆಗಳ, ಕಾಸರಗೋಡಿನ ಎಷ್ಟು ಮನೆಯವರು ಆ ಬೆಳಿಗ್ಗೆ ವಿಮಾನ ನಿಲ್ದಾಣದ ದಾರಿಯಲ್ಲಿದ್ದರು! ರಜೆಗೆ ಬರುವವರಿಗೆ ಮೀನು ಸಾರು ಮಾಡಿಟ್ಟು ಕಾದವರಿದ್ದರು. ಅದಾಗಿ ಹತ್ತು ವರ್ಷಕ್ಕೆ ಕೊರೋನಾ ಬಂತು. ಹೆಣವನ್ನು ಮನೆಯೊಳಗೆ ತರುವಂತಿಲ್ಲ, ಹಾಡು ಹೇಳಿ ಕಳಿಸುವಂತಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ‘ಹೋಗಿ ಬರುತ್ತೇನೆ’ ಎಂದು ಕೈಬೀಸಿದವರ ಮುಖವನ್ನು ಮತ್ತೆ ನೋಡಲಾಗದ ಮನೆಗಳು ನಮ್ಮ ಸಭೆಯಲ್ಲೂ ಇವೆ, ನೆರೆಕರೆಯಲ್ಲೂ ಇವೆ.

ನಮ್ಮ ಉದ್ಯಾವರದ ಮಣ್ಣಿಗೆ ಇಂಥ ಸಾವು ಹೊಸತೂ ಅಲ್ಲ. ಹೊಳೆ ಮತ್ತು ಕಡಲಿನ ನಡುವಿನ ಈ ಊರು ಒಂದು ಕಾಲಕ್ಕೆ ಆಳುಪ ಅರಸರ ರಾಜಧಾನಿ. 8ನೇ ಶತಮಾನದ ಸುಮಾರಿಗೆ ಆ ಮನೆತನದವರೇ ಈ ಊರಿಗಾಗಿ ಕಾದಾಡಿದರು. ಆ ಕಾಳಗಗಳಲ್ಲಿ ಮಡಿದವರ ಕಲ್ಲುಗಳು ಇಲ್ಲಿ ಸಿಕ್ಕಿವೆ. ಯಾರಿಗಾಗಿ ಸತ್ತರು, ಯಾವ ಬಾಗಿಲು ಕಾಯುತ್ತ ಸತ್ತರು ಎಂಬುದನ್ನು ಇವತ್ತು ಶಾಸನ ಓದಬಲ್ಲವರೇ ಹೇಳಬೇಕು. ಬಲಾಯಿಪಾದೆಯ ಬಳಿ ಹೆದ್ದಾರಿಯಲ್ಲಿ ನಿಂತು ಬಸ್ಸು ಕಾಯುವಾಗ ಒಮ್ಮೊಮ್ಮೆ ನನಗೆ ಆ ಯೋಧರ ನೆನಪಾಗುತ್ತದೆ. ಸಾವು ಎಲ್ಲರಿಗೂ ಬಂದಿದೆ. ಆದರೆ ಸಾವನ್ನು ಗೆದ್ದು ಎದ್ದವನೊಬ್ಬನಿದ್ದಾನೆ, ಅವನು ನಮ್ಮ ಪಾಪವನ್ನು ಹೊತ್ತು ಶಿಲುಬೆಗೆ ಹೋದವನು, ಸಮಾಧಿ ಅವನನ್ನು ಹಿಡಿದಿಡಲಿಲ್ಲ ಎಂಬ ಸುದ್ದಿ ನನ್ನ ಕಿವಿಗೆ ಬಿದ್ದಿದೆ. ನಾನು ಅದನ್ನು ನಂಬಿದ್ದೇನೆ. ಹೆಂಡತಿಯನ್ನು ಮಣ್ಣಿಗಿಟ್ಟ ದಿನವೂ ನಂಬಿದ್ದೆ. ಇಷ್ಟು ದೊಡ್ಡ ಸುದ್ದಿಯನ್ನು ತಿಳಿದೂ, ಜತೆಗೆ ಬಸ್ಸು ಕಾಯುವವನಲ್ಲಿ ಮಳೆಯ ವಿಷಯ ಮಾತ್ರ ಮಾತಾಡಿ ಇಡೀ ಆಯುಷ್ಯ ಕಳೆಯುವುದು ಹೇಗೆ ಸರಿಯಾದೀತು?

ಅಪೊಸ್ತಲರ ಕೃತ್ಯಗಳ 24ನೇ ಅಧ್ಯಾಯವನ್ನು ಮತ್ತೊಮ್ಮೆ ಓದಿ. ಕೈಸರೈಯದಲ್ಲಿ ಸೆರೆಯಲ್ಲಿದ್ದ ಪೌಲನನ್ನು ಅಧಿಪತಿ ಫೇಲಿಕ್ಸ ಕರೆಸಿ ಮಾತು ಕೇಳುತ್ತಾನೆ. ನೀತಿ, ದಮೆ, ಬರಲಿರುವ ನ್ಯಾಯತೀರ್ಪು ಎಂದು ಪೌಲ ಹೇಳುತ್ತಿದ್ದಂತೆ ಅವನಿಗೆ ನಡುಕ ಬರುತ್ತದೆ. ಈಗ ಹೋಗು, ಸಮಯ ಸಿಕ್ಕಾಗ ಕರೆಸುತ್ತೇನೆ ಎನ್ನುತ್ತಾನೆ. ಕರೆಸುತ್ತಾನೆ ಕೂಡ, ಪದೇಪದೇ, ಆದರೆ ಲಂಚದ ಆಸೆಯಿಂದ. ಎರಡು ವರ್ಷ ಹಾಗೇ ಕಳೆಯುತ್ತದೆ, ಅವನ ಜಾಗಕ್ಕೆ ಬೇರೆ ಅಧಿಪತಿ ಬರುತ್ತಾನೆ, ಕಥೆಯಿಂದ ಫೇಲಿಕ್ಸ ಮರೆಯಾಗುತ್ತಾನೆ. ಈ ಭಾಗವನ್ನು ನಾವು ಯಾವಾಗಲೂ ಕೇಳುವವರಿಗೆ ಎಚ್ಚರಿಕೆಯೆಂದು ಓದುತ್ತೇವೆ. ನನಗೆ ವಯಸ್ಸಾದ ಮೇಲೆ ಅದರಲ್ಲಿ ಕಾಣುವುದು ಪೌಲ. ಎದುರಿಗಿರುವವನ ಕೈಯಲ್ಲಿ ತನ್ನ ಬಿಡುಗಡೆ ಇದೆ. ಹಿತವಾಗಿ ನಾಲ್ಕು ಮಾತಾಡಿ ಆಚೆ ಬರಬಹುದಿತ್ತು. ಸಿಕ್ಕಿದ ಆ ಗಳಿಗೆಯನ್ನು ಅವನು ಅದಕ್ಕೆ ಬಳಸಲಿಲ್ಲ.

ನಮಗೆ ಈ ಸುವಾರ್ತೆ ತಲುಪಿದ್ದೂ ಮುಂದೂಡದವರಿಂದಲೇ. 1834ರ ಅಕ್ಟೋಬರ್ 30ರಂದು ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರು ತಲುಪಿದರು. ಊರಿನ ಭಾಷೆ ಗೊತ್ತಿಲ್ಲ, ಹವೆ ಒಗ್ಗುವುದಿಲ್ಲ. ಆದರೂ 1841ಕ್ಕೆ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. 1847ಕ್ಕೆ ತುಳುವಿನಲ್ಲಿ ಹೊಸ ಒಡಂಬಡಿಕೆ ಅಚ್ಚಾಯಿತು. ಗ್ರೈನರ್ ಮತ್ತು ಅಮ್ಮನ್ ಅದರ ಹಿಂದಿದ್ದವರು. ಗದ್ದೆ ನಾಟಿ ಮಾಡುವವರ, ಬಲೆ ಎಳೆಯುವವರ ಭಾಷೆಯಲ್ಲಿ! ಉಡುಪಿಯಲ್ಲಿ ಮಿಶನ್ ನೆಲೆಯಾದದ್ದು 1854ರಲ್ಲಿ. ಮರುವರ್ಷ ಮಂಗಳೂರಿನಲ್ಲಿ ಗಾಟ್‌ಫ್ರೀಡ್ ವೈಗ್ಲೆ ತೀರಿಕೊಂಡರು. ಕನ್ನಡ ಸತ್ಯವೇದದ ಅನುವಾದವನ್ನು ಜನರ ಕಿವಿಗೆ ಒಪ್ಪುವಂತೆ ಹೊಸದಾಗಿ ರೂಪಿಸುವ ಕೆಲಸದಲ್ಲಿದ್ದವರು ಅವರು. ನಲವತ್ತು ತುಂಬಿರಲಿಲ್ಲ. ನೀವು ಭಾನುವಾರ ಓದುವ ಸತ್ಯವೇದದ ಹಿಂದೆ ಅರ್ಧಕ್ಕೆ ನಿಂತ ಇಂಥ ಆಯುಷ್ಯಗಳಿವೆ. ಇನ್ನೂ ಚೆನ್ನಾಗಿ ಕನ್ನಡ ಕಲಿತು ಆಮೇಲೆ ಶುರುಮಾಡೋಣ ಎಂದು ವೈಗ್ಲೆ ಕಾಯುತ್ತಿದ್ದರೆ ಅವರ ಕೈಯಿಂದ ನಮಗೆ ಏನೂ ಬರುತ್ತಿರಲಿಲ್ಲ.

ಮಿಶನ್ನಿನವರು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ನಮ್ಮ ನೆರೆಯವರ ದೇವರು, ಆಚಾರಗಳ ಬಗ್ಗೆ ಅವರು ಬರೆದ ಕೆಲವು ಮಾತು ಒರಟು. ಅದನ್ನು ನೀವು ಕಲಿಯಬೇಡಿ. ಅವರ ತಾಳ್ಮೆಯನ್ನು ಕಲಿಯಿರಿ.

ನಮ್ಮ ಕೆಥೋಲಿಕ್ ನೆರೆಯವರ ಸಂತರನ್ನೂ ನೋಡಿ. ಉದ್ಯಾವರದ ಚರ್ಚು ಯಾರ ಹೆಸರಿನಲ್ಲಿದೆಯೋ ಆ ಫ್ರಾನ್ಸಿಸ್ ಕ್ಸೇವಿಯರ್ 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯ ದ್ವೀಪವೊಂದರಲ್ಲಿ, ಒಳನಾಡಿಗೆ ಕರೆದೊಯ್ಯುವ ದೋಣಿಗಾಗಿ ಕಾಯುತ್ತಾ ತೀರಿಕೊಂಡರು. ವಯಸ್ಸು 46. ಗೋವೆಯ ಜೋಸೆಫ್ ವಾಜ್ 1681ರಿಂದ ಕೆಲವು ವರ್ಷ ಈ ಕೆನರಾ ಸೀಮೆಯಲ್ಲಿ, ಬಸ್ರೂರು, ಕಲ್ಯಾಣಪುರದ ಕಡೆಗಳಲ್ಲಿ ಜನರ ನಡುವೆ ಓಡಾಡಿದವರು. ಆಮೇಲೆ ಸಿಲೋನಿಗೆ ಕೂಲಿಯವನ ವೇಷದಲ್ಲಿ ಹೋದರು, ಏಕೆಂದರೆ ಅಲ್ಲಿನ ಡಚ್ಚರ ಆಳ್ವಿಕೆಯಲ್ಲಿ ಕೆಥೋಲಿಕ್ ಪಾದ್ರಿಗಳಿಗೆ ಜಾಗವಿರಲಿಲ್ಲ. 2015ರಲ್ಲಿ ಅವರನ್ನು ಸಂತರೆಂದು ಸಾರಿದಾಗ ನಮ್ಮ ಪಕ್ಕದ ಮನೆಯವರು ತಂದ ಸಿಹಿಯನ್ನು ನಾವೂ ತಿಂದೆವು. ವಾಜ್ ಅವರ ಕಾಲದಲ್ಲಿ ಬೇರೆಬೇರೆ ಸಭೆಯವರು ಒಬ್ಬರನ್ನೊಬ್ಬರು ಅಟ್ಟಿದ್ದರು. ಇವತ್ತು ಒಬ್ಬರ ಸಿಹಿ ಇನ್ನೊಬ್ಬರು ತಿನ್ನುತ್ತೇವೆ, ಅದೇ ದೇವರ ಕೃಪೆ.

ಇಷ್ಟು ದೊಡ್ಡವರ ಹೆಸರು ಕೇಳಿ ನೀವು ‘ನಾವೇನು ಮಿಶನರಿಗಳೇ?’ ಎನ್ನಬಹುದು. ಹಾಗಿದ್ದರೆ ಮನೆಯಿಂದ ಶುರುಮಾಡಿ. ಅಂದ್ರೆಯನು ಯೇಸುವನ್ನು ಕಂಡ ಕೂಡಲೇ ಮೊದಲು ಹುಡುಕಿದ್ದು ತನ್ನ ಅಣ್ಣ ಸೀಮೋನನನ್ನು. ದೆವ್ವಹಿಡಿದು ಸಮಾಧಿಗಳಲ್ಲಿ ಇರುತ್ತಿದ್ದವನು ವಾಸಿಯಾದ ಮೇಲೆ ಯೇಸುವಿನ ಜತೆಗೇ ದೋಣಿ ಹತ್ತಬೇಕೆಂದು ಬೇಡಿಕೊಂಡ. ಕರ್ತನು ಅವನನ್ನು ಕಳಿಸಿದ್ದು ಅವನ ಮನೆಗೆ, ಅವನ ಸ್ವಂತ ಜನರ ಬಳಿಗೆ.

ನಮ್ಮ ಮನೆಯ ವಿಷಯವನ್ನೇ ಹೇಳುತ್ತೇನೆ. ನನ್ನ ಅಜ್ಜ ಮಲ್ಪೆಯ ಮಿಶನ್ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಅವರ ಸತ್ಯವೇದ ಈಗ ನನ್ನ ಹತ್ತಿರ ಇದೆ, ಹುಳ ತಿಂದು ಅಂಚೆಲ್ಲ ತೂತಾಗಿದೆ. ಕೀರ್ತನೆಗಳ ಪುಟಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾರೀಕುಗಳನ್ನು ಬರೆದಿದ್ದಾರೆ. ಒಂದು ಕಡೆ ತಾರೀಕಿನ ಜತೆಗೆ ನನ್ನ ದೊಡ್ಡಪ್ಪನ ಹೆಸರಿನ ಮೊದಲ ಅಕ್ಷರ. ಇನ್ನೊಂದು ಕಡೆ ಗೆರೆ ಎಷ್ಟು ಒತ್ತಿ ಎಳೆದಿದ್ದಾರೆಂದರೆ ಕಾಗದ ಹರಿದಿದೆ. ಆ ದಿನ ಏನಾಯಿತು? ಮಗು ಸಾಯುವ ಹಾಗಿತ್ತೇ? ಕೆಲಸ ಹೋಗಿತ್ತೇ? ಯಾವ ಪ್ರಾರ್ಥನೆಗೆ ಉತ್ತರ ಬಂತು, ಯಾವುದಕ್ಕೆ ಬರಲಿಲ್ಲ? ಕೇಳಲು ಇವತ್ತು ಒಬ್ಬರೂ ಉಳಿದಿಲ್ಲ. ಅಜ್ಜ ಕಡಿಮೆ ಮಾತಿನವರು. ಕುಟುಂಬ ಪ್ರಾರ್ಥನೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ, ಆದರೆ ತಾನು ಯಾಕೆ ನಂಬುತ್ತೇನೆ ಎಂದು ಮಕ್ಕಳಿಗೆ ಹೇಳಿದವರೂ ಅಲ್ಲ. ಹಾಡು ನಮಗೆ ಬಂತು, ಪ್ರಾರ್ಥನೆಯ ಕ್ರಮ ಬಂತು. ಅವರ ಎದೆಯೊಳಗೆ ನಡೆದದ್ದು ಅವರ ಜತೆಗೇ ಮಣ್ಣಿಗೆ ಹೋಯಿತು.

ನಮ್ಮ ಎಷ್ಟೋ ಮನೆಗಳಲ್ಲಿ ಹೀಗೇ ಆಗುತ್ತಿದೆ. ಮಗುವಿಗೆ ದೀಕ್ಷಾಸ್ನಾನ, ಸಂಡೇ ಸ್ಕೂಲ್, ದೃಢೀಕರಣ, ಎಲ್ಲವೂ ಸಮಯಕ್ಕೆ ಸರಿಯಾಗಿ ಆಗುತ್ತದೆ. ಅಪ್ಪ ಸಾಲದಲ್ಲಿ ಮುಳುಗಿದ್ದ ವರ್ಷ ರಾತ್ರಿ ಎದ್ದು ಕೂತು ಯಾರನ್ನು ಕರೆದ, ಅಮ್ಮ ಆಪರೇಷನ್ ಥಿಯೇಟರಿಗೆ ಹೋಗುವಾಗ ಯಾವ ಧೈರ್ಯದಲ್ಲಿ ಹೋದಳು ಎಂಬುದನ್ನು ಮಾತ್ರ ಆ ಮಗುವಿಗೆ ಯಾರೂ ಹೇಳುವುದಿಲ್ಲ. ದೊಡ್ಡವನಾದ ಮೇಲೆ ಅವನು ಇದೆಲ್ಲ ಬರೇ ಸಂಪ್ರದಾಯ ಎಂದು ಬಿಟ್ಟುಹೋದರೆ ತಪ್ಪು ಅವನದು ಮಾತ್ರ ಎಂದು ನಾನು ಒಪ್ಪುವುದಿಲ್ಲ. ನಿಮ್ಮ ಅಜ್ಜ ಅಜ್ಜಿ ಬದುಕಿದ್ದರೆ ಈ ವಾರವೇ ಹೋಗಿ ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ‘ಅಜ್ಜ, ನೀವು ಯಾಕೆ ನಂಬಿದಿರಿ?’ ಎಂಬ ಒಂದೇ ಪ್ರಶ್ನೆ ಸಾಕು. ಅವರು ಮೊದಲು ನಗುತ್ತಾರೆ, ಬೇರೇನೋ ಹೇಳುತ್ತಾರೆ. ಎದ್ದು ಬರಬೇಡಿ.

ಇನ್ನು ನೆರೆಯವರ ವಿಷಯ. ಇಲ್ಲಿ ನಿಮಗೆ ಭಯವಿದೆ ಎಂದು ನನಗೆ ಗೊತ್ತು. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯ ಚರ್ಚುಗಳ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದಾಗ ನಿಮ್ಮಲ್ಲಿ ಕೆಲವರು ಇನ್ನೂ ಮಕ್ಕಳು. ಆಮೇಲೆ 2022ರಲ್ಲಿ ಮತಾಂತರ ತಡೆಯುವ ಕಾನೂನು ಬಂದಾಗ ಯೇಸುವಿನ ಹೆಸರನ್ನು ಆಫೀಸಿನಲ್ಲಿ ಎತ್ತಲೂ ಹೆದರಿದವರಿದ್ದಾರೆ. ಸಂವಿಧಾನದ 25ನೇ ವಿಧಿ ಪ್ರತಿಯೊಬ್ಬನಿಗೂ ತನ್ನ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು. ಆ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ಹೇಳಿತು. ಈ ತೀರ್ಪಿನ ಬಗ್ಗೆ ನಮ್ಮವರಲ್ಲಿ ಅಸಮಾಧಾನ ಇದೆ. ನನಗೆ ಮಾತ್ರ ಅದರಿಂದ ಕೆಲಸ ನಿಂತಂತೆ ಅನಿಸುವುದಿಲ್ಲ. ಮನಸ್ಸನ್ನು ತಿರುಗಿಸುವುದು ಪವಿತ್ರಾತ್ಮನ ಕೆಲಸ. ಅದು ನನ್ನ ಹಕ್ಕು ಎಂದು ನಾನೆಂದೂ ಎಣಿಸಿಲ್ಲ. ನಾನು ಕಂಡದ್ದನ್ನು ಹೇಳುವುದು ನನ್ನ ಕೆಲಸ. ಅದಕ್ಕೆ ಜಾಗ ಇನ್ನೂ ಇದೆ.

ಉಡುಪಿಯ ಮಿಶನ್ ಆಸ್ಪತ್ರೆಯನ್ನು ನೋಡಿ. 1923ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಈವಾ ಲೊಂಬಾರ್ಡ್ ಅದನ್ನು ಶುರುಮಾಡಿದಾಗ ಹೆರಿಗೆಯಲ್ಲಿ ತಾಯಂದಿರು ಸಾಯುವುದು ಇಲ್ಲಿ ದಿನನಿತ್ಯದ ಮಾತಾಗಿತ್ತು. ನೂರು ವರ್ಷದಲ್ಲಿ ಅಲ್ಲಿ ಹುಟ್ಟಿದವರು ಎಲ್ಲ ಜಾತಿಯವರು, ಎಲ್ಲ ಧರ್ಮದವರು. ಅಲ್ಲಿ ಚಿಕಿತ್ಸೆ ಪಡೆಯಲು ಯಾರೂ ಯೇಸುವನ್ನು ಒಪ್ಪಬೇಕಾಗಿ ಬರಲಿಲ್ಲ. ಆದರೂ ಒಬ್ಬ ಹೆಂಗಸು ದೂರದೇಶದಿಂದ ಯಾಕೆ ಬಂದಳು ಎಂದು ಕೇಳಿದವರಿಗೆ ಉತ್ತರ ಯಾವಾಗಲೂ ಇತ್ತು.

ಉತ್ತಂಗಿ ಚನ್ನಪ್ಪನವರು ನನಗೆ ಇನ್ನೊಂದು ದಾರಿ ತೋರಿಸಿದವರು. ಅವರು ಸಭಾಪಾಲಕರು. ಸರ್ವಜ್ಞನ ವಚನಗಳನ್ನು ಹಳ್ಳಿಹಳ್ಳಿಗಳಿಂದ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದವರು. 1949ರಲ್ಲಿ ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಯೇಸುವಿನ ವಿಷಯ ಹೇಳುವಾಗ ತಾನು ನಿಂತ ನೆಲವನ್ನು, ಅದರ ಕವಿಗಳನ್ನು, ಶರಣರನ್ನು ಕೀಳು ಮಾಡಬೇಕೆಂದು ಅವರಿಗೆ ಅನಿಸಲಿಲ್ಲ. ಅವರ ಒಂದು ಪುಸ್ತಕದ ಹೆಸರೇ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ವಿನಂತಿ ಮಾಡುವವನು ಬಾಗಿಲ ಹೊರಗೆ ನಿಂತಿರುತ್ತಾನೆ. ಮನೆಯ ಯಜಮಾನ ಒಳಗೆ ಕರೆದರೆ ಮಾತ್ರ ಕಾಲಿಡುತ್ತಾನೆ. ಕೃಷ್ಣಮಠದ ಊರಿನಲ್ಲಿ, ಭೂತಕೋಲದ ಸೀಮೆಯಲ್ಲಿ, ಮಸೀದಿಯ ಬಾಂಗು ಕೇಳಿ ಏಳುವ ಓಣಿಯಲ್ಲಿ ನಾವು ಇರುವವರು. ನೆರೆಯವನು ಪೂಜಿಸುವುದನ್ನು ಹೀಯಾಳಿಸಿ ಹೇಳಿದ ಸುವಾರ್ತೆ ಸುವಾರ್ತೆಯೇ ಅಲ್ಲ. ಪೇತ್ರನು ತನ್ನ ಪತ್ರಿಕೆಯಲ್ಲಿ ನಿರೀಕ್ಷೆಗೆ ಆಧಾರವೇನೆಂದು ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಎಂದು ಬರೆಯುವಾಗ, ಅದನ್ನು ಸಾತ್ವಿಕತೆಯಿಂದ, ಗೌರವದಿಂದ ಮಾಡಿ ಎಂದು ಸೇರಿಸಲು ಮರೆತಿಲ್ಲ. ನಮ್ಮವರು ಮೊದಲರ್ಧವನ್ನು ಬಾಯಿಪಾಠ ಮಾಡಿದ್ದಾರೆ.

ಮಣಿಪಾಲದಲ್ಲಿ ನರ್ಸಿಂಗ್ ಮಾಡುವ ಮಗಳೇ, ನೀನು ಮೊನ್ನೆ ಕೇಳಿದೆಯಲ್ಲ, ಐಸಿಯುನಲ್ಲಿ ಸಾಯುತ್ತಿರುವವರ ಹತ್ತಿರ ಏನು ಮಾಡಲಿ ಎಂದು. ಮಲಗಿರುವವರಿಗೆ ಎದ್ದು ಹೋಗುವ ದಾರಿಯಿಲ್ಲ. ಆದ್ದರಿಂದ ಅಲ್ಲಿ ಬೋಧನೆ ಬೇಡ. ಮೈ ಒರೆಸು, ತುಟಿಗೆ ನೀರು ತಾಗಿಸು, ಕೈ ಹಿಡಿ, ಮನಸ್ಸಿನಲ್ಲಿ ಪ್ರಾರ್ಥಿಸು. ಅವರಾಗಿಯೇ ‘ನನಗೆ ಹೆದರಿಕೆಯಾಗುತ್ತದೆ, ನಿನಗೆ ಆಗುವುದಿಲ್ಲವೇ?’ ಎಂದು ಕೇಳಿದರೆ ಆಗ ಸುಮ್ಮನಿರಬೇಡ. ಎರಡು ವಾಕ್ಯದಲ್ಲಿ ಹೇಳು, ನಿನ್ನ ಭಾಷೆಯಲ್ಲಿ, ತುಳುವಾದರೆ ತುಳುವಿನಲ್ಲಿ. ಮನೆಯವರು ತಮ್ಮ ದೇವರ ತೀರ್ಥ ತಂದರೆ ಜಾಗ ಬಿಟ್ಟುಕೊಡು. ಅದು ಅವರ ಗಳಿಗೆ.

ಗಲ್ಫಿನಲ್ಲಿರುವವರೇ, ನೀವಿರುವ ದೇಶದ ಕಾನೂನು ಮೀರಬೇಡಿ. ಆದರೆ ರೂಮಿನಲ್ಲಿ ಜತೆಗಿರುವವನು ಊರಿನಿಂದ ಸಾವಿನ ಫೋನು ಬಂದು ಕುಸಿದು ಕೂತಾಗ ನೀವು ಹತ್ತಿರ ಕೂರುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಕಾರ್ಕಳ, ಕಾಪುವಿನಲ್ಲಿ ಅಂಗಡಿ ಇಟ್ಟವರೇ, ಗಿರಾಕಿಯ ಕೈಗೆ ಬಿಲ್ಲಿನ ಜತೆ ಕರಪತ್ರ ತುರುಕಬೇಡಿ. ತೂಕ ಸರಿಯಾಗಿ ಕೊಡಿ. ಇವನು ಯಾಕೆ ಮೋಸ ಮಾಡುವುದಿಲ್ಲ ಎಂದು ಅವನು ಒಂದು ದಿನ ಕೇಳಿಯೇ ಕೇಳುತ್ತಾನೆ. ಬೆಳಿಗ್ಗೆ ಎದ್ದು ಹತ್ತು ಗ್ರೂಪಿಗೆ ವಚನ ಕಳಿಸಿ ಕೆಲಸ ಮುಗಿಯಿತು ಎಂದುಕೊಳ್ಳುವವರಿಗೂ ಒಂದು ಮಾತು: ಆ ಹತ್ತು ಗ್ರೂಪಿನಲ್ಲಿ ಒಬ್ಬನ ಹೆಸರು ಆರಿಸಿ, ಅವನಿಗೆ ಫೋನು ಮಾಡಿ, ಅವನ ಕಷ್ಟ ಕೇಳಿ. ಅರ್ಧ ಗಂಟೆ ಕೇಳಿದ ಮೇಲೆ ನಿಮ್ಮದು ಹೇಳಲು ಐದು ನಿಮಿಷ ಸಾಕು.

ಏನು ಹೇಳಬೇಕೆಂದು ತಿಳಿಯದಿದ್ದರೆ ಉಪದೇಶ ಕಟ್ಟಬೇಡಿ. ನಿಮಗೆ ಯಾವಾಗ ದಾರಿ ಕಾಣದಾಯಿತು, ಆಗ ಯೇಸುಸ್ವಾಮಿ ನಿಮ್ಮನ್ನು ಹೇಗೆ ಹಿಡಿದರು, ಇವತ್ತು ನಿಮಗೆ ಯಾವುದರ ಭಯವಿಲ್ಲ, ಇನ್ನೂ ಯಾವುದರ ಭಯ ಇದೆ. ಇಷ್ಟನ್ನು ನಿಜವಾಗಿ ಹೇಳಿ. ಉತ್ತರಿಸದ ಪ್ರಾರ್ಥನೆಗಳಿದ್ದರೆ ಅದನ್ನೂ ಬಚ್ಚಿಡಬೇಡಿ. ಕೇಳಿದವರು ‘ನಮಗೆ ನಮ್ಮದೇ ಸಾಕು’ ಎಂದರೆ ಚಹಾ ಕುಡಿದು ಎದ್ದು ಬನ್ನಿ, ಮರುದಿನ ಮೊದಲಿನ ಹಾಗೇ ಮಾತಾಡಿಸಿ. ಅವರ ಮಗಳ ಮದುವೆಗೆ ಹೋಗಿ ಬಡಿಸಲು ನಿಲ್ಲಿ.

ನನಗೆ ಈಗ ಮೆಟ್ಟಿಲು ಹತ್ತಲು ಆಗುವುದಿಲ್ಲ, ಆದರೆ ಮನೆಯ ಜಗಲಿ ಭಾನುವಾರ ಮಧ್ಯಾಹ್ನದ ಮೇಲೆ ಖಾಲಿ ಇರುತ್ತದೆ. ಆರಾಧನೆ ಮುಗಿಸಿ ಊಟ ಮಾಡಿ ಬನ್ನಿ. ಯಾರಿಗೆ ಹೇಳಬೇಕೆಂದು ನಿಮ್ಮ ಮನಸ್ಸಿನಲ್ಲಿದೆಯೋ ಅವರ ಹೆಸರನ್ನು ಇಟ್ಟುಕೊಂಡು ಒಟ್ಟಿಗೆ ಪ್ರಾರ್ಥಿಸೋಣ. ನನಗೆ ಉತ್ತರ ತಿಳಿಯದ ಪ್ರಶ್ನೆ ತಂದರೆ ಸಭಾಪಾಲಕರನ್ನು ಕೇಳೋಣ. ಅಜ್ಜನ ಸತ್ಯವೇದವನ್ನೂ ತೋರಿಸುತ್ತೇನೆ, ಮತ್ತು ಆ ಪೆನ್ಸಿಲ್ ಗುರುತುಗಳ ಪಕ್ಕದಲ್ಲಿ ನಾನು ಬರೆದಿಟ್ಟ ನನ್ನ ಸ್ವಂತ ತಾರೀಕುಗಳ ಕಥೆಯನ್ನು ಒಂದೊಂದಾಗಿ ಹೇಳುತ್ತೇನೆ. ಮೊದಲನೆಯದು ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದ ರಾತ್ರಿಯದು. ಅದನ್ನು ನಿಮ್ಮ ಅಪ್ಪಂದಿರಿಗೂ ಪೂರ್ತಿ ಹೇಳಿಲ್ಲ, ಅವರನ್ನೂ ಕರೆದುಕೊಂಡು ಬನ್ನಿ.